ಹಳೇ ಜಾವಾಕ್ಕೆ 12 ವೋಲ್ಟ್ ಬಲ

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಎಂಜಿನ್ ಬಗ್ಗೆ ದೂರುವವರು ಕಡಿಮೆ. ತಕರಾರೆಲ್ಲ ಕರೆಂಟಿನದು. ಸಿಗ್ನಲ್ಲಿನಲ್ಲಿ ನಿಂತರೆ ಹೆಡ್‌ಲೈಟು ಮಂಕಾಗುತ್ತದೆ, ಹಾರ್ನ್ ಒತ್ತಿದರೆ ಕೆಮ್ಮುತ್ತದೆ, ಬ್ಯಾಟರಿ ಪೂರ್ತಿ ಇಳಿದಿದ್ದರೆ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ಜಾವಾ 250ರ ಡೈನಮೊ ಕೊಡುವುದೇ 6 ವೋಲ್ಟ್‌ನಲ್ಲಿ 45 ವ್ಯಾಟ್. ಹೆಡ್‌ಲೈಟು, ಹಿಂದಿನ ದೀಪ, ಇಗ್ನಿಷನ್ ಕಾಯಿಲ್ ಎಲ್ಲವೂ ಅದರಲ್ಲೇ ಹಂಚಿಕೊಳ್ಳಬೇಕು. ಈಗಿನ 55 ವ್ಯಾಟ್‌ನ ಒಂದೇ ಒಂದು ಹ್ಯಾಲೊಜೆನ್ ಬಲ್ಬಿಗೂ ಅದು ಸಾಲದು.

ಹಾಗೆಂದು ಕೂಡಲೇ ಕಿಟ್ ತರಿಸಬೇಕಿಲ್ಲ. ಮೊದಲು ಮಲ್ಟಿಮೀಟರ್ ಹಿಡಿಯಬೇಕು. ಎಂಜಿನ್ ನಿಂತಿರುವಾಗ ಫುಲ್ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮಾರು 6.3 ತೋರಿಸುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಅದು 7ರ ಆಸುಪಾಸಿಗೆ ಏರಿದರೆ ಡೈನಮೊ ಆರೋಗ್ಯವಾಗಿದೆ. ಏರದಿದ್ದರೆ ಬಲಗಡೆಯ ಕವರ್ ಬಿಚ್ಚಿ ಕಾರ್ಬನ್ ಬ್ರಷ್ ಸವೆದಿದೆಯೇ, ಕಮ್ಯುಟೇಟರ್ ಕಪ್ಪಾಗಿದೆಯೇ ನೋಡಬೇಕು. ಕಮ್ಯುಟೇಟರನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಬಹುದು. ಎಮರಿ ಪೇಪರ್ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡೀತು. ಆಮೇಲೆ ಅರ್ತಿಂಗ್. ಫ್ರೇಮಿಗೆ ಹೊಸದಾಗಿ ದಪ್ಪ ಪೇಂಟ್ ಹೊಡೆಸಿದ ಗಾಡಿಗಳಲ್ಲಿ ಅರ್ಧ ರೋಗ ಅಲ್ಲೇ. ಬ್ಯಾಟರಿಯಿಂದ ಎಂಜಿನ್‌ಗೆ ನೇರವಾಗಿ ಒಂದು ದಪ್ಪ ಅರ್ತ್ ವೈರ್ ಎಳೆದರೆ ಎಷ್ಟೋ ಸಲ ದೀಪ ತಾನಾಗಿ ಚುರುಕಾಗುತ್ತದೆ. ಹಗಲು ಮಾತ್ರ ಓಡಿಸುವವರಿಗೆ ಇಷ್ಟರ ಜೊತೆ ಹಳೇ ಕಟೌಟಿನ ಬದಲು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿದರೆ ಧಾರಾಳವಾಯಿತು.

ರಾತ್ರಿ ಹೆದ್ದಾರಿಗೆ ಇಳಿಯುವವರ ಕಥೆ ಬೇರೆ. ಚೆಕ್ ದೇಶದ ವೇಪ್ ಕಂಪನಿಯ 12 ವೋಲ್ಟ್ ಕಿಟ್ ಜಾವಾ ಪ್ರಿಯರಲ್ಲಿ ಹೆಸರುವಾಸಿ. ಡೈನಮೊ, ಪಾಯಿಂಟ್, ಕಂಡೆನ್ಸರ್ ಮೂರನ್ನೂ ತೆಗೆದು ಅಲ್ಲಿ ಮ್ಯಾಗ್ನೆಟ್ ರೋಟರ್, ಸ್ಟೇಟರ್ ಕೂರಿಸುವುದು ಇದರ ಕ್ರಮ. ಸುಮಾರು 150 ವ್ಯಾಟ್ ಸಿಗುತ್ತದೆ.

ಕೆಲಸ ಶುರುವಾಗುವುದು ಬ್ಯಾಟರಿ ವೈರ್ ಕಳಚುವುದರಿಂದ. ಯಾವ ಟರ್ಮಿನಲ್ ಫ್ರೇಮಿಗೆ ಹೋಗಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ. ಹಳೇ ಬ್ರಿಟಿಷ್ ಬೈಕುಗಳಲ್ಲಿ ಪಾಸಿಟಿವ್ ಅರ್ತ್ ಇರುವುದುಂಟು, ಅದಲುಬದಲಾದರೆ ಹೊಸ ರೆಗ್ಯುಲೇಟರ್ ಕ್ಷಣದಲ್ಲಿ ಸುಟ್ಟೀತು. ಡೈನಮೊದ ಆರ್ಮೇಚರನ್ನು ಪುಲ್ಲರ್ ಹಾಕಿಯೇ ಎಳೆಯಬೇಕು. ಸ್ಕ್ರೂಡ್ರೈವರಿನಿಂದ ಮೀಟುವ ಮೆಕ್ಯಾನಿಕ್ ಕೈಗೆ ಗಾಡಿ ಕೊಡದಿರುವುದೇ ಲೇಸು, ಕ್ರ್ಯಾಂಕ್‌ಶಾಫ್ಟ್ ತುದಿ ಹಾಳಾದರೆ ಖರ್ಚು ಕಿಟ್ಟಿನ ಬೆಲೆಯನ್ನೂ ಮೀರೀತು. ಹೊಸ ರೋಟರಿಗೆ ಸುತ್ತಿಗೆ ತಾಗಿಸಬಾರದು. ಮ್ಯಾಗ್ನೆಟ್ಟಿಗೆ ಅಂಟಿದ ಕಬ್ಬಿಣದ ಚೂರುಗಳನ್ನು ಒರೆಸಿಯೇ ಕೂರಿಸಬೇಕು. ಟೈಮಿಂಗ್ ಅಂದಾಜಿನಲ್ಲಿ ಬೇಡ: ಪ್ಲಗ್ಗಿನ ತೂತಿನಿಂದ ಪಿಸ್ಟನ್ ಅಳೆದು, ಕಿಟ್ಟಿನ ಗುರುತಿಗೆ ಸರಿಹೊಂದಿಸಬೇಕು.

ವೋಲ್ಟ್ ಬದಲಾದ ಮೇಲೆ ಬಲ್ಬುಗಳು, ಹಾರ್ನ್, ಇಂಡಿಕೇಟರಿನ ಫ್ಲ್ಯಾಶರ್ ಎಲ್ಲವೂ 12 ವೋಲ್ಟಿನವೇ ಆಗಬೇಕು. ಒಂದೇ ಒಂದು 6 ವೋಲ್ಟ್ ಬಲ್ಬ್ ಮರೆತರೆ ಅದು ಮೊದಲ ರಾತ್ರಿಯೇ ಢಮಾರ್. ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ.

ಬ್ಯಾಟರಿ ದೊಡ್ಡದಾಗಬೇಕೆಂಬ ಆಸೆ ಇಲ್ಲಿ ಅನಗತ್ಯ. 6 ವೋಲ್ಟಿನ 12 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವಷ್ಟೇ ಶಕ್ತಿ 12 ವೋಲ್ಟಿನ 6 ಆಂಪಿಯರ್-ಅವರ್ ಬ್ಯಾಟರಿಯಲ್ಲೂ ಇದೆ. ಸೆಲ್ಫ್ ಸ್ಟಾರ್ಟ್ ಇಲ್ಲದ ಗಾಡಿಗೆ ಅದು ಬೇಕಾದಷ್ಟಾಯಿತು. ಪೆಟ್ಟಿಗೆಯ ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಬೇಕು. ಆ್ಯಸಿಡ್ ಚೆಲ್ಲದ, ನೀರು ಹಾಕಬೇಕಿಲ್ಲದ ಸೀಲ್ಡ್ ಬ್ಯಾಟರಿ ಹಳೇ ಕ್ರೋಮ್ ಮೆರುಗಿಗೂ ಕ್ಷೇಮ. ಲಿಥಿಯಂ ಹಗುರವೇನೋ ಹೌದು, ಆದರೆ ವೋಲ್ಟೇಜ್ ಹದ್ದು ಮೀರಿದರೆ ತಡೆಯುವುದಿಲ್ಲ, ಬೆಲೆಯೂ ಹೆಚ್ಚು. ಎಲ್ಲ ಜೋಡಿಸಿ, ಆಕ್ಸಿಲರೇಟರ್ ಕೊಟ್ಟು ಅಳೆದಾಗ ಮೀಟರ್ 13.8ರಿಂದ 14.4ರೊಳಗೆ ನಿಂತರೆ ಕೆಲಸ ಸರಿಯಾಗಿದೆ.

ಬಿಚ್ಚಿದ ಡೈನಮೊ, ಕಟೌಟನ್ನು ಗುಜರಿಗೆ ಹಾಕುವಂತಿಲ್ಲ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಬೈಕಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗಬೇಕಾದರೆ ಗಾಡಿ ಮೂಲರೂಪದಲ್ಲಿರಬೇಕು, ಚಾಸಿಸ್ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನೋಂದಣಿಯ ಯೋಚನೆ ಇರುವವರು ಕಿಟ್ ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.