ಸೈಕಲ್ ತಂಡವು ಏರಿನಲ್ಲಿ ಚದುರುವುದೇಕೆ?

ಒಂದು ಚಳಿಗಾಲದ ಬೆಳಿಗ್ಗೆ ನಾವು ಆರು ಮಂದಿ ಸಾಗರದಿಂದ ಹೊಸನಗರದ ಮಾರ್ಗವಾಗಿ ತೀರ್ಥಹಳ್ಳಿಗೆ ಸೈಕಲ್ಲಿನಲ್ಲಿ ಹೊರಟೆವು. ಕೊನೆಯವರೆಗೂ ಎಲ್ಲರೂ ಜೊತೆಯಲ್ಲಿಯೇ ಇರಬೇಕೆಂದು ಮೊದಲೇ ಮಾತಾಗಿತ್ತು. ಸಮನಾದ ರಸ್ತೆಯಲ್ಲಿ ಆ ಮಾತು ಸಲೀಸಾಗಿ ನಡೆಯಿತು. ಮೊದಲನೆಯ ದೊಡ್ಡ ಏರು ಬಂದೊಡನೆ ತಂಡವು ದಾರ ಕಡಿದ ಮಣಿಸರದಂತಾಯಿತು. ಮುಂದಿನವರು ಏರಿನ ತುದಿಯಲ್ಲಿ ಕಾದು ಬೇಸತ್ತರು. ಕೊನೆಯ ಗೆಳೆಯನು ಏದುಸಿರು ಬಿಡುತ್ತ ಬಂದು ತಲುಪಿದಾಗ, "ಬಂದೆಯಾ? ಸರಿ, ಹೊರಡೋಣ" ಎಂದರು. ನಾಲ್ಕನೆಯ ಏರಿನ ಹೊತ್ತಿಗೆ ಅವನು, "ನೀವು ಹೋಗಿ, ನಾನು ಬಸ್ಸಿನಲ್ಲಿ ಬರುತ್ತೇನೆ" ಎಂದುಬಿಟ್ಟನು. ಅವನು ಸೋಮಾರಿಯಲ್ಲ; ಮುಂದಿದ್ದವರು ನಿರ್ದಯರೂ ಅಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮೊದಲು ದಾರಿಯ ಸ್ವರೂಪವನ್ನು ತಿಳಿಯಬೇಕು. ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ತುಂಗಭದ್ರೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಯ ಪಾಲಾಗುವುದು. ಹೊಸನಗರದ ಸೀಮೆಯ ನೀರು ಶರಾವತಿಗೆ ಇಳಿದು ಅರಬ್ಬೀ ಸಮುದ್ರಕ್ಕೆ ಹೋಗುವುದು. ತೀರ್ಥಹಳ್ಳಿಯು ತುಂಗೆಯ ದಡದಲ್ಲಿದೆ. ಅದರ ನೀರು ಮತ್ತೆ ಪೂರ್ವ ಸಮುದ್ರಕ್ಕೆ. ಅಂದರೆ ಈ ದಾರಿಯು ಮೂರು ನದಿಗಳ ಕಣಿವೆಗಳನ್ನು ಮುಟ್ಟಿ, ಅವುಗಳ ನಡುವಣ ಜಲವಿಭಾಜಕ ದಿಣ್ಣೆಗಳನ್ನು ಎರಡು ಬಾರಿ ದಾಟಬೇಕು. ಇಂತಹ ದಾರಿಯು ಸಮನಾಗಿರಲು ಸಾಧ್ಯವಿಲ್ಲ. ಏರಿದ್ದನ್ನು ಇಳಿದು, ಇಳಿದದ್ದನ್ನು ಮತ್ತೆ ಏರಬೇಕಾಗುವುದು.

ಈಗ ನಮ್ಮ ತಂಡದಲ್ಲಿ ರಾಮ, ಸೋಮ ಎಂಬ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಸೈಕಲ್ಲೂ ಸೇರಿ ಒಬ್ಬೊಬ್ಬರ ತೂಕ 80 ಕಿಲೋಗ್ರಾಂ. ರಾಮನು ದಣಿಯದೆ 150 ವಾಟ್ ಸಾಮರ್ಥ್ಯದಿಂದ ತುಳಿಯಬಲ್ಲನು. ಸೋಮನಿಗೆ 120 ವಾಟ್ ಮಾತ್ರ ಸಾಧ್ಯ. ಸಮನಾದ ನೆಲದಲ್ಲಿ ಅವರನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಗಾಲಿಗಳ ಉರುಳಿಕೆಯ ತಡೆ ಸುಮಾರು 6 ನ್ಯೂಟನ್. ಇದು ವೇಗದೊಡನೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದು. ವೇಗವು ಇಮ್ಮಡಿಯಾದರೆ ಈ ತಡೆಯು ನಾಲ್ಮಡಿಯಾಗುವುದು. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ಎಂಟುಮಡಿಯಾಗುವುದು. ಸಾಧಾರಣ ಸೈಕಲ್ಲಿನಲ್ಲಿ ನೆಟ್ಟಗೆ ಕುಳಿತವನಿಗೆ, ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದು, ಅದರ ವರ್ಗವನ್ನು 0.3ರಿಂದ ಗುಣಿಸಿದರೆ ಗಾಳಿಯ ತಡೆಯು ಸುಮಾರಾಗಿ ನ್ಯೂಟನ್‌ಗಳಲ್ಲಿ ದೊರೆಯುವುದು.

ಈ ಲೆಕ್ಕದಂತೆ ರಾಮನು ಗಂಟೆಗೆ ಸುಮಾರು 25.5 ಕಿಲೋಮೀಟರ್, ಸೋಮನು ಸುಮಾರು 23 ಕಿಲೋಮೀಟರ್ ವೇಗದಲ್ಲಿ ಸಾಗಬಲ್ಲರು. ಇಬ್ಬರೂ ಒಂಟಿಯಾಗಿ ಹೋದರೆ ಸೋಮನು ಹಿಂದೆ ಬೀಳುವುದು ನಿಶ್ಚಯ. ಆದರೆ ಅವನು ರಾಮನ ಬೆನ್ನಿಗೆ ಹತ್ತಿರವಾಗಿ ಬಂದರೆ ಏನಾಗುವುದು? ರಾಮನು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಅವನ ಹಿಂದೆ ಗಾಳಿಯೂ ಸ್ವಲ್ಪಮಟ್ಟಿಗೆ ಅವನೊಡನೆಯೇ ಚಲಿಸುವುದು. ಅಲ್ಲಿರುವ ಸೋಮನಿಗೆ ಗಾಳಿಯ ತಡೆಯು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಯಿತೆಂದು ಇಟ್ಟುಕೊಳ್ಳೋಣ. ಆಗ ರಾಮನ ವೇಗದಲ್ಲಿಯೇ ಸಾಗಲು ಅವನಿಗೆ ಬೇಕಾಗುವುದು 118 ವಾಟ್ ಮಾತ್ರ! ಅವನ ಶಕ್ತಿಗೆ ಅದು ಸರಿಯಾಗಿ ಎಟಕುವುದು. ಬಲಶಾಲಿಗೂ ದುರ್ಬಲನಿಗೂ ಇದ್ದ ಅಂತರವನ್ನು ಗಾಳಿಯೇ ತುಂಬಿಕೊಟ್ಟಿತು. ತಂಡದ ಸವಾರಿಯ ಸುಖವೆಂಬುದು ಬರಿಯ ಹರಟೆಯ ಸುಖವಲ್ಲ. ಅದಕ್ಕೆ ಇಂತಹ ಗಟ್ಟಿಯಾದ ಕಾರಣವುಂಟು.

ಇನ್ನು ಏರನ್ನು ನೋಡೋಣ. 20 ಮೀಟರ್ ಹೋದರೆ 1 ಮೀಟರ್ ಮೇಲೇರುವ ರಸ್ತೆಯಲ್ಲಿ ಗುರುತ್ವವು ಪ್ರತಿಯೊಬ್ಬನನ್ನೂ ಸುಮಾರು 39 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುವುದು. ರಾಮನ ವೇಗವು ಗಂಟೆಗೆ ಸುಮಾರು 11 ಕಿಲೋಮೀಟರಿಗೆ, ಸೋಮನದು ಸುಮಾರು 9 ಕಿಲೋಮೀಟರಿಗೆ ಇಳಿಯುವುದು. ಆ ಮಂದಗತಿಯಲ್ಲಿ ಗಾಳಿಯ ತಡೆಯು 3 ನ್ಯೂಟನ್ ಕೂಡ ಇರುವುದಿಲ್ಲ. ರಾಮನ ಮರೆಯಲ್ಲಿ ಅದರಲ್ಲಿ ಮೂವತ್ತು ಪಾಲು ಉಳಿದರೂ, ಅವನೊಡನೆ ಸಾಗಲು ಸೋಮನಿಗೆ 147 ವಾಟ್ ಬೇಕು. ಗಾಳಿಯಿಂದ ಗೆಳೆಯನಿಗೆ ಮರೆಯಾಗಬಹುದು. ಗುರುತ್ವದಿಂದ ಯಾರೂ ಯಾರನ್ನೂ ಮರೆಮಾಡಲಾರರು. ಮೂರು ಕಿಲೋಮೀಟರ್ ಉದ್ದದ ಏರಿನಲ್ಲಿ ಇಬ್ಬರಿಗೂ ಸುಮಾರು ಮೂರೂವರೆ ನಿಮಿಷಗಳ ಅಂತರ ಬೀಳುವುದು.

ಅನ್ಯಾಯವು ಹುಟ್ಟುವುದು ಈ ಮೂರೂವರೆ ನಿಮಿಷಗಳಲ್ಲಿಯೇ. ರಾಮನು ತುದಿಯಲ್ಲಿ ನಿಂತು ನೀರು ಕುಡಿದು ದಣಿವಾರಿಸಿಕೊಂಡಿರುವನು. ಸೋಮನು ಬಂದೊಡನೆ ತಂಡವು ಹೊರಡುವುದು. ಹೆಚ್ಚು ದಣಿದವನಿಗೆ ವಿಶ್ರಾಂತಿಯಿಲ್ಲ. ಕಡಿಮೆ ದಣಿದವನಿಗೆ ಪ್ರತಿ ಏರಿನಲ್ಲಿಯೂ ವಿಶ್ರಾಂತಿ. ನಾಲ್ಕು ಏರುಗಳಾಗುವಷ್ಟರಲ್ಲಿ ಸೋಮನ 120 ವಾಟ್ 100ಕ್ಕೆ ಇಳಿದಿದ್ದರೆ ಆಶ್ಚರ್ಯವೇನು? "ನಾವು ಕಾಯುತ್ತೇವಲ್ಲ" ಎಂಬ ಸಮಾಧಾನವು ಕಾಯುವವರಿಗೇ ಹೊರತು ಕಾಯಿಸಿಕೊಳ್ಳುವವನಿಗಲ್ಲ.

ಇದಕ್ಕೆ ಪರಿಹಾರವನ್ನು ಬಹಳ ಹಿಂದೆಯೇ ಹುಡುಕಿದವರುಂಟು. ಫ್ರಾನ್ಸಿನಲ್ಲಿ 1904ರಲ್ಲಿ ಆರಂಭವಾದ ಆಡಾಕ್ಸ್ ಸವಾರಿಗಳಲ್ಲಿ ತಂಡದ ನಾಯಕನು ವೇಗವನ್ನು ಗೊತ್ತುಮಾಡುವನು. ಯಾರೂ ಅವನನ್ನು ಮೀರಿ ಮುಂದೆ ಹೋಗುವಂತಿಲ್ಲ. 1921ರಲ್ಲಿ ಇನ್ನೊಂದು ಪದ್ಧತಿ ಬಂದಿತು. ಅದರಲ್ಲಿ ಪ್ರತಿಯೊಬ್ಬನೂ ತನಗೆ ಒಪ್ಪುವ ವೇಗದಲ್ಲಿ ಸಾಗಿ, ಗೊತ್ತಾದ ಅವಧಿಯೊಳಗೆ ಗುರಿ ಮುಟ್ಟಿದರಾಯಿತು. ಇಂದು ನಮ್ಮ ದೇಶದಲ್ಲಿಯೂ ನಡೆಯುವ ಇಂತಹ 200 ಕಿಲೋಮೀಟರ್ ಸವಾರಿಗೆ 13 ಗಂಟೆ 30 ನಿಮಿಷಗಳ ಅವಧಿಯಿದೆ. ಜೊತೆ ಬೇಕಾದರೆ ವೇಗದ ಆಸೆಯನ್ನು ಬಿಡಬೇಕು. ವೇಗ ಬೇಕಾದರೆ ಜೊತೆಯ ಆಸೆಯನ್ನು ಬಿಡಬೇಕು. ಎರಡನ್ನೂ ಬಯಸಿದ್ದೇ ನಮ್ಮ ತಪ್ಪು.

ವಿದ್ಯಾರ್ಥಿಗಳು ಇಂತಹ ಪ್ರವಾಸಕ್ಕೆ ಹೊರಡುವುದಾದರೆ ಮೂರು ವಿಷಯಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮೊದಲನೆಯದು, ಏರಿನಲ್ಲಿ ಎಲ್ಲರಿಗಿಂತ ನಿಧಾನವಾದವನೇ ಮುಂದಿರಲಿ. ತುದಿಯಲ್ಲಿ ನಿಂತರೆ ವಿಶ್ರಾಂತಿಯ ಹೊತ್ತನ್ನು ಕೊನೆಯವನು ಬಂದ ಕ್ಷಣದಿಂದ ಎಣಿಸಿರಿ. ಎರಡನೆಯದು, ಸಮನೆಲದಲ್ಲಿ ಮುಂದಿನವನ ಗಾಲಿಗೆ ಅಂಟಿಕೊಳ್ಳಬೇಡಿರಿ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುವಿರಿ. ಅವನು ಬ್ರೇಕು ಹಿಡಿದುದನ್ನು ನೀವು ಕಂಡು ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರಬಹುದು. ತಿರುವು ಮುರುವಿನ ಮಲೆನಾಡಿನ ರಸ್ತೆಯಲ್ಲಿ ಒಂದೆರಡು ಸೈಕಲ್ಲಿನಷ್ಟು ಅಂತರವಿದ್ದರೂ ಗಾಳಿಯ ಲಾಭವು ಸ್ವಲ್ಪ ದೊರೆಯುವುದು. ಮೂರನೆಯದು, ಕಡಿದಾದ ಏರಿನಲ್ಲಿ ಇಳಿದು ತಳ್ಳಲು ನಾಚಬೇಡಿರಿ. 2006-07ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟಂತಹ, ಗೇರಿಲ್ಲದ ಸೈಕಲ್ಲಾದರೆ ಈ ಮಾತು ಇನ್ನೂ ನಿಜ. 10 ಮೀಟರಿಗೆ 1 ಮೀಟರ್ ಏರುವಲ್ಲಿ ಸೋಮನು ತುಳಿದರೂ ಗಂಟೆಗೆ 5 ಕಿಲೋಮೀಟರಿಗಿಂತ ಹೆಚ್ಚು ಸಾಗಲಾರನು. ಅದು ನಡಿಗೆಯ ವೇಗವೇ.

ಮುಂದಿನ ವರ್ಷ ನಾವು ಅದೇ ದಾರಿಯಲ್ಲಿ ಮತ್ತೆ ಹೊರಟೆವು. ಬಸ್ಸು ಹತ್ತಿದ್ದ ಗೆಳೆಯನನ್ನು ಬಹಳ ಹೇಳಿ ಒಪ್ಪಿಸಿ, ಏರುಗಳಲ್ಲೆಲ್ಲ ಅವನನ್ನೇ ಮುಂದೆ ಬಿಟ್ಟೆವು. ತೀರ್ಥಹಳ್ಳಿಯನ್ನು ತಲುಪಿದುದು ಮೊದಲಿಗಿಂತ ಒಂದು ಗಂಟೆ ತಡವಾಗಿ. ಆದರೆ ತುಂಗೆಯ ನೀರಿಗೆ ಕಾಲಿಳಿಸಿ ಕುಳಿತಾಗ ಎಣಿಸಿ ನೋಡಿದೆವು: ಆರು ಮಂದಿಯೂ ಇದ್ದೆವು.