ಗೋಳಗುಮ್ಮಟದ ಸಮಾಧಿಯೂ ಪ್ರತಿಧ್ವನಿಯೂ

ಬರ್ಲಿನ್ ಕೆಥೆಡ್ರಲಿನ ನೆಲಮಾಳಿಗೆಯಲ್ಲಿ ಜರ್ಮನಿಯ ಹೋಹೆನ್‌ಜೋಲರ್ನ್ ಅರಸುಮನೆತನದವರ ಶವಪೆಟ್ಟಿಗೆಗಳಿವೆ. ನಮ್ಮ ವಿಜಯಪುರದಲ್ಲಿಯೂ ಅಂತಹದೊಂದು ನೆಲಮಾಳಿಗೆಯುಂಟು. ಗೋಳಗುಮ್ಮಟದ ವೇದಿಕೆಯ ಮೇಲೆ ಕಾಣುವ ಗೋರಿಗಳು ಸಂಕೇತಮಾತ್ರ. 1656ರಲ್ಲಿ ಮಡಿದ ಮುಹಮ್ಮದ್ ಆದಿಲ್ ಷಾನ ನಿಜವಾದ ಸಮಾಧಿಯು ಅವುಗಳ ಕೆಳಗಿದೆ.

ಮೇಲೆ, ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ತಟ್ಟಿದ ಒಂದು ಚಪ್ಪಾಳೆ ಹಲವು ಬಾರಿ ಕೇಳಿಸುತ್ತದೆ. ಕಾರಣವೇನು? ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಶಬ್ದವು ಎದುರುಗೋಡೆಗೆ ಹೋಗಿ ಮರಳಲು 76 ಮೀಟರು ಸಾಗಬೇಕು. ಸೆಕೆಂಡಿಗೆ 340 ಮೀಟರು ವೇಗದಲ್ಲಿ ಇದಕ್ಕೆ 0.22 ಸೆಕೆಂಡು ಬೇಕು. ಸುಮಾರು 0.1 ಸೆಕೆಂಡು ಅಂತರವಿದ್ದರೆ ಕಿವಿಯು ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಆದುದರಿಂದಲೇ ಪ್ರತಿಧ್ವನಿ ಸ್ಪಷ್ಟ.

ಆದರೆ ಅಲ್ಲಿ ಕೂಗಬೇಕಾದುದಿಲ್ಲ. ಗೋಡೆಯ ಬಳಿ ಪಿಸುಗುಟ್ಟಿದರೂ, ಬಾಗಿದ ಗೋಡೆಯನ್ನನುಸರಿಸಿ ಸಾಗುವ ಮಾತು ಎದುರು ಬದಿಯ ಗೆಳೆಯನನ್ನು ಮುಟ್ಟುತ್ತದೆ. ಸಮಾಧಿಸ್ಥಳಕ್ಕೆ ಒಪ್ಪುವ ಪ್ರಯೋಗ ಇದೇ.