ಹೊಟ್ಟೆಯ ಲೆಕ್ಕಕ್ಕೆ ಒಂದು ದಾರ

ದಸರಾ ರಜೆಗೆ ಗಂಗಾವತಿಗೆ ಹೋಗಿದ್ದೆ. ಚಿಕ್ಕಪ್ಪನ ಮಗನಿಗೆ ಒಂಬತ್ತು ವರ್ಷ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಫೋನ್ ತೆಗೆದು ಬಿಎಂಐ ಲೆಕ್ಕ ಹಾಕಿದೆ. ತೂಕ 29 ಕೆ.ಜಿ., ಎತ್ತರ 130 ಸೆಂ.ಮೀ., ಉತ್ತರ 17.2. ವಯಸ್ಸಿನ ಚಾರ್ಟ್ ಪ್ರಕಾರ ನಾರ್ಮಲ್. "ನೋಡು, ಹುಡುಗ ಉಂಡು ಚಂದ ಅದಾನ, ದೃಷ್ಟಿ ಹಾಕಬ್ಯಾಡ" ಅಂದ್ಲು ಅಜ್ಜಿ.

ಆದರೆ ಬಿಎಂಐಗೆ ಒಂದು ದೋಷ ಇದೆ. ಅದು ಒಟ್ಟು ತೂಕ ನೋಡುತ್ತೆ, ಕೊಬ್ಬು ಎಲ್ಲಿ ಕೂತಿದೆ ಅಂತ ನೋಡಲ್ಲ. ಹೃದಯದ ವಿಷಯದಲ್ಲಿ ಆ "ಎಲ್ಲಿ" ಅನ್ನೋದೇ ಮುಖ್ಯ.

ಹೊಟ್ಟೆಯ ಕೊಬ್ಬು ಯಾಕೆ ಬೇರೆ?

ತೊಡೆ, ಸೊಂಟದ ಚರ್ಮದ ಕೆಳಗಿನ ಕೊಬ್ಬು ಸುಮ್ಮನೆ ಗೋದಾಮಿನ ಹಾಗೆ ಇರುತ್ತೆ. ಕರುಳಿನ ಸುತ್ತ ಸೇರುವ ಕೊಬ್ಬು ಹಾಗಲ್ಲ. ಅದರಿಂದ ಬರುವ ಕೊಬ್ಬಿನಾಮ್ಲ ರಕ್ತನಾಳದ ಮೂಲಕ ನೇರವಾಗಿ ಲಿವರ್‌ಗೆ ಹೋಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆ ನೆನಪಿಸಿಕೊಳ್ಳಿ. ಕಾಲುವೆಯ ಮೇಲ್ಭಾಗದ ಗದ್ದೆಗೆ ನೀರು ಮೊದಲು ಬರುತ್ತೆ, ಜಾಸ್ತಿ ಆದರೆ ಜವಳು ಹಿಡಿಯೋದೂ ಅಲ್ಲೇ. ಲಿವರ್ ಆ ಗದ್ದೆ ಇದ್ದ ಹಾಗೆ. ಅಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತೆ, ಬಿಪಿಯೂ ಹೆಚ್ಚಬಹುದು. ಇದೆಲ್ಲ ವರ್ಷಗಟ್ಟಲೆ ನಡೆದರೆ ಹೃದಯದ ರಕ್ತನಾಳಗಳು ಹಾಳಾಗುತ್ತವೆ. ಹಾರ್ಟ್ ಅಟ್ಯಾಕ್ ಐವತ್ತರಲ್ಲಿ ಬರಬಹುದು, ಶುರುವಾಗೋದು ಮಾತ್ರ ಬಾಲ್ಯದಲ್ಲೇ.

ಮೈಸೂರಿನ ಹಳೇ ರಿಜಿಸ್ಟರ್

ಮೈಸೂರಿನ ಮಿಷನ್ ಆಸ್ಪತ್ರೆಯೊಂದರಲ್ಲಿ 1934ರಿಂದ 1954ರ ನಡುವೆ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಅವರಲ್ಲಿ 517 ಜನರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿದಾಗ 2.5 ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ 11% ಜನರಿಗೆ ಹೃದಯದ ಕಾಯಿಲೆ, 3.1 ಕೆ.ಜಿ.ಗಿಂತ ಹೆಚ್ಚಿದ್ದವರಲ್ಲಿ 3% ಮಾತ್ರ.

ಇದು ನಮ್ಮ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ್ದು. ಕೊಪ್ಪಳ ಅಂದರೆ ಅಪೌಷ್ಟಿಕತೆಯ ಸುದ್ದಿ. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ಹೊಟ್ಟೆ ಬಂದ ಮಗು ಕಂಡರೆ ನಮಗೆ ಖುಷಿಯೇ. ಆದರೆ ಸಣ್ಣದಾಗಿ ಹುಟ್ಟಿ, ಆಮೇಲೆ ಹೊಟ್ಟೆ ಬೆಳೆಸಿಕೊಂಡ ಮಗುವಿಗೆ ಅಪಾಯ ಎರಡೂ ಕಡೆಯಿಂದ. ಯಲಬುರ್ಗಾ, ಕುಷ್ಟಗಿಯ ಹೊಲದಲ್ಲಿ ಜೋಳ, ಸಜ್ಜೆ ಬೆಳೆಯುತ್ತೆ. ಅಂಗಡಿ ಮುಂದೆ ಮಾತ್ರ ಚಿಪ್ಸ್ ಪಾಕೀಟು, ಸಿಹಿ ಜ್ಯೂಸ್ ತೂಗಾಡ್ತಿರುತ್ತೆ.

ದಾರದ ಪರೀಕ್ಷೆ

ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ. ಮಗು ಸಹಜವಾಗಿ ಉಸಿರು ಬಿಟ್ಟಾಗ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಆ ಅರ್ಧ ದಾರ ಸುತ್ತಿ. ಎರಡೂ ತುದಿ ಆರಾಮಾಗಿ ಸೇರಿದರೆ ಒಳ್ಳೇದು. ಸೇರದಿದ್ದರೆ ಸುತ್ತಳತೆ ಎತ್ತರದ ಅರ್ಧ ದಾಟಿದೆ ಅಂತ ಅರ್ಥ. 5 ವರ್ಷ ಮೇಲ್ಪಟ್ಟವರಿಗೆ ಈ 0.5 ಅನ್ನೋದು ಎಚ್ಚರಿಕೆಯ ಗೆರೆ. ನಮ್ಮ ಹುಡುಗನ ಸುತ್ತಳತೆ 68 ಸೆಂ.ಮೀ. ಇತ್ತು. 68/130, ಅಂದರೆ 0.52. ದಾರ ಸೇರಲಿಲ್ಲ.

ಇದು ರೋಗನಿರ್ಣಯ ಅಲ್ಲ. ಡಾಕ್ಟರ್ ಹತ್ತಿರ ಹೋಗಿ ಬಿಪಿ, ಶುಗರ್, ಕೊಬ್ಬಿನ ಪರೀಕ್ಷೆ ಬೇಕಾ ಅಂತ ಕೇಳೋಕೆ ಒಂದು ಕಾರಣ, ಅಷ್ಟೇ. ಬೆಳೆಯೋ ಮಗುವನ್ನು ಉಪವಾಸ ಕೆಡವಬೇಡಿ. "ಡುಮ್ಮ" ಅಂತ ಕರೆದರೆ ಒಂದು ಸೆಂಟಿಮೀಟರೂ ಇಳಿಯಲ್ಲ, ಮಗು ಕದ್ದು ತಿನ್ನೋಕೆ ಕಲಿಯುತ್ತೆ. ಸಿಹಿ ಜ್ಯೂಸ್ ಬದಲು ನೀರು ಅಥವಾ ಮಜ್ಜಿಗೆ, ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ, ಕಾಳು ಪಲ್ಯ ಜಾಸ್ತಿ, ದಿನಕ್ಕೆ 60 ನಿಮಿಷ ಓಡಾಟ.

ಮಕ್ಕಳಿಗೆ ನಮಗಿಲ್ಲದ ಒಂದು ಲಾಭ ಇದೆ, ಅವರ ಛೇದ ಇನ್ನೂ ಬೆಳೀತಿದೆ. ಸುತ್ತಳತೆ 68ರಲ್ಲೇ ನಿಂತು ಎತ್ತರ 140 ಆದರೆ ಅನುಪಾತ 0.49. ಹೊಟ್ಟೆ ಕರಗಿಸಬೇಕಾಗಿಲ್ಲ, ಬೆಳೆಯದಂತೆ ನೋಡಿಕೊಂಡರೂ ಸಾಕಾಗಬಹುದು.

ಈಗ ಅವನು ಸಂಜೆ ಅಜ್ಜಿ ಜೊತೆ ವಾಕಿಂಗ್ ಹೋಗ್ತಾನೆ. ದಾರ ಗೋಡೆಯ ಮೊಳೆಗೆ ನೇತಾಕಿದ್ದೀನಿ. ಮುಂದಿನ ರಜೆಗೆ ಮತ್ತೆ ಅಳೆಯಬೇಕು. ನೀವೂ ಊರಿಗೆ ಹೋದಾಗ ಒಂದು ದಾರ ಕತ್ತರಿಸಿ. ಮೊದಲು ನಿಮ್ಮ ಹೊಟ್ಟೆಗೇ ಸುತ್ತಿ ನೋಡಿ. ನಂದು ಕಷ್ಟಪಟ್ಟು ಸೇರಿತು!